ಸೇಂಟ್ ಲಾರೆಂಟ್ ಬೀದಿಯುದ್ದಕ್ಕೂ ಯೆಹೂದಿ ಮಾಂಟ್ರಿಯಲ್: ಒಂದು ಕಾಲ್ನಡಿಗೆ ಪ್ರವಾಸದ ವಿಮರ್ಶೆ

ಕೆನಡಾದ ಮಾಂಟ್ರಿಯಲ್ ನಗರದ ಹಳೆಯ ಯೆಹೂದಿ ಬಡಾವಣೆಗಳನ್ನು ಮಾರ್ಗದರ್ಶಿಯ ಜೊತೆ ನಡೆದು ನೋಡುವ ಪ್ರವಾಸಗಳಲ್ಲಿ ಕೆಲವು ತಿಂಡಿ ತಿನಿಸಿನ ಸುತ್ತಲೇ ಸುತ್ತುತ್ತವೆ. ನಗರದ ಸಣ್ಣ ಸಂಸ್ಥೆಯೊಂದು ಇಂಗ್ಲಿಷಿನಲ್ಲಿ ನಡೆಸುವ, ಸುಮಾರು ಎರಡೂವರೆ ಗಂಟೆಯ ಈ ಪ್ರವಾಸ ಹಾಗಲ್ಲ. ಫ್ರೆಂಚ್ ಮಾತನಾಡುವ ಕ್ಯಾಥೊಲಿಕರು ಮತ್ತು ಇಂಗ್ಲಿಷ್ ಮಾತನಾಡುವ ಪ್ರೊಟೆಸ್ಟೆಂಟರ ನಡುವೆ ಬಂದು ನೆಲೆಸಿದ ಮೂರನೆಯ ಸಮುದಾಯವೊಂದು ಆ ಇಬ್ಬರ ಜೊತೆಗೂ ಹೇಗೆ ಬದುಕಿತು ಎಂಬ ಪ್ರಶ್ನೆಯನ್ನು ಅದು ಎದುರಿಗಿಟ್ಟುಕೊಂಡು ಹೊರಡುತ್ತದೆ. ಆ ಪ್ರಶ್ನೆಗೆ ಮೊದಲರ್ಧದಲ್ಲಿ ಸಿಗುವ ಉತ್ತರ ಅತ್ಯುತ್ತಮವಾಗಿದೆ. ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಅದು ಕೈಬಿಟ್ಟದ್ದು ಬಹಳ, ಮತ್ತು ಬಿಟ್ಟದ್ದು ಮುಖ್ಯವಾದದ್ದನ್ನೇ.

ಮಾರ್ಗ ಸಾಗುವುದು ಸ್ಥಳೀಯರು ಮೇನ್ ಎಂದೇ ಕರೆಯುವ ಸೇಂಟ್ ಲಾರೆಂಟ್ ಬೀದಿಯ ಆಸುಪಾಸಿನಲ್ಲಿ. ನಗರದ ಮನೆ ಸಂಖ್ಯೆಗಳು ಪೂರ್ವಕ್ಕೂ ಪಶ್ಚಿಮಕ್ಕೂ ಎಣಿಕೆ ಶುರುಮಾಡುವುದು ಈ ಬೀದಿಯಿಂದಲೇ. ಸ್ಥೂಲವಾಗಿ ಹೇಳುವುದಾದರೆ ಇದರ ಪೂರ್ವಕ್ಕೆ ಫ್ರೆಂಚರು, ಪಶ್ಚಿಮಕ್ಕೆ ಇಂಗ್ಲಿಷರು ನೆಲೆಸಿದ್ದರು. ನಡುವಿನ ಪಟ್ಟಿ ಹೊಸಬರ ಪಾಲಿಗೆ ಬಂತು. ನಗರದಲ್ಲಿ ಯೆಹೂದಿಗಳ ಪ್ರಾರ್ಥನಾ ಸಭೆ 1768ರಷ್ಟು ಹಿಂದೆಯೇ ಇತ್ತಾದರೂ ಅದು ಬೆರಳೆಣಿಕೆಯ ಕುಟುಂಬಗಳದು. 1881ರ ನಂತರ ರಷ್ಯನ್ ಸಾಮ್ರಾಜ್ಯದಲ್ಲಿ ಯೆಹೂದಿಗಳ ಮೇಲೆ ನಡೆದ ಹಿಂಸಾಚಾರ ಮತ್ತು ಅಲ್ಲಿನ ಬಡತನದಿಂದ ಪಾರಾಗಲು ಹಡಗು ಹತ್ತಿದವರು ಈ ಪಟ್ಟಿಯನ್ನು ತುಂಬಿದರು. 1901ರಲ್ಲಿ ಸುಮಾರು 7 ಸಾವಿರವಿದ್ದ ಸಮುದಾಯ 1931ರ ಹೊತ್ತಿಗೆ ಸುಮಾರು 58 ಸಾವಿರಕ್ಕೆ ಏರಿತು, ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತಾದ ಯಿಡ್ಡಿಶ್ ನಗರದ ಮೂರನೆಯ ಭಾಷೆಯಾಯಿತು, ಆ ಭಾಷೆಯಲ್ಲಿ 1907ರಿಂದ ಕೆನೆಡರ್ ಆಡ್ಲರ್ ಎಂಬ ಪತ್ರಿಕೆಯೂ ಹೊರಬರತೊಡಗಿತು. ಇಷ್ಟನ್ನು ಮಾರ್ಗದರ್ಶಿ ಹತ್ತೇ ನಿಮಿಷದಲ್ಲಿ ಹೇಳಿ ಮುಗಿಸಿದ್ದು ನನಗೆ ಮೆಚ್ಚುಗೆಯಾಯಿತು.

ಸೇಂಟ್ ಲೂಯಿ ಚೌಕದ ಮರಗಳ ಕೆಳಗೆ ನಿಂತು ಅವರು ಶಾಲೆಗಳ ವಿಷಯ ತೆಗೆದಾಗಲೇ ಈ ಪ್ರವಾಸದ ನಿಜವಾದ ಸತ್ವ ಗೊತ್ತಾಗುವುದು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಆಗ ಇದ್ದದ್ದು ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಎಂಬ ಎರಡೇ ಬಗೆಯ ಸಾರ್ವಜನಿಕ ಶಾಲೆಗಳು. ಯೆಹೂದಿ ಮಕ್ಕಳನ್ನು ಎಲ್ಲಿಗೆ ಸೇರಿಸುವುದೆಂಬ ಜಗಳಕ್ಕೆ 1903ರ ಕಾನೂನು, ಶಿಕ್ಷಣದ ಮಟ್ಟಿಗೆ ಅವರನ್ನು ಪ್ರೊಟೆಸ್ಟೆಂಟರೆಂದೇ ಎಣಿಸತಕ್ಕದ್ದು ಎಂಬ ಪರಿಹಾರ ಕೊಟ್ಟಿತು. ಹೀಗೆ, ಫ್ರೆಂಚ್ ಕುಟುಂಬಗಳ ಪಕ್ಕದಲ್ಲೇ ಮನೆಮಾಡಿ, ಅವರ ಅಂಗಡಿಗಳಲ್ಲೇ ಸಾಮಾನು ಕೊಳ್ಳುತ್ತಿದ್ದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ, ಇಂಗ್ಲಿಷಿನಲ್ಲಿ ಓದಿ, ಒಂದೇ ತಲೆಮಾರಿನಲ್ಲಿ ಇಂಗ್ಲಿಷ್ ಮಾತನಾಡುವ ಜನರಾದರು. ಫ್ರೆಂಚ್ ನೆರೆಹೊರೆಯವರೊಂದಿಗೆ ಮುಂದೆ ಬೆಳೆದ ಅಂತರಕ್ಕೆ ಈ ಕಾನೂನಿನಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಇಂಗ್ಲಿಷ್ ಶಾಲೆ ಅವರನ್ನು ಮನೆಮಕ್ಕಳಂತೆ ಕಂಡಿತೇ? 1913ರಲ್ಲಿ ಇದೇ ಚೌಕದ ಹತ್ತಿರದ ಅಬರ್ಡೀನ್ ಶಾಲೆಯಲ್ಲಿ, ಯೆಹೂದಿ ಮಕ್ಕಳು ಬಂದ ಮೇಲೆ ಶಾಲೆ ಕೊಳಕಾಯಿತೆಂಬ ಅರ್ಥದ ಮಾತನ್ನು ಶಿಕ್ಷಕಿಯೊಬ್ಬರು ಆಡಿದರು. ಕ್ಷಮಾಪಣೆ ಬೇಕೆಂದು ನೂರಾರು ಮಕ್ಕಳು ತರಗತಿ ಬಿಟ್ಟು ಬಂದು ಈ ಚೌಕದಲ್ಲಿ ಸೇರಿದರು. ಆ ಮಕ್ಕಳಿಗೆ ಮುಷ್ಕರವೆಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಹಿಂದಿನ ವರ್ಷವಷ್ಟೇ, 1912ರಲ್ಲಿ, ನಗರದ ದರ್ಜಿಗಳ ದೊಡ್ಡ ಮುಷ್ಕರ ನಡೆದಿತ್ತು.

ಅಲ್ಲಿಂದ ಉತ್ತರಕ್ಕೆ ನಡೆದರೆ ಡ್ಯುಲುತ್ ಬೀದಿಯ ಮೂಲೆಯಲ್ಲಿ ವೈನ್‌ಬರ್ಗ್ ಕಟ್ಟಡ. ಸಿದ್ಧ ಉಡುಪಿನ ಕಾರ್ಖಾನೆಗಳಿಗೆಂದೇ 1912ರಲ್ಲಿ ಕಟ್ಟಿದ ಬಹುಮಹಡಿಯದು. ಹೊಲಿಗೆಗೆ ಬೆಳಕು ಬೇಕಾದ್ದರಿಂದ ಇಟ್ಟ ದೊಡ್ಡ ಕಿಟಕಿಗಳನ್ನು ಮಾರ್ಗದರ್ಶಿ ಬೆರಳು ಮಾಡಿ ತೋರಿಸಿದರು. 1937ರ ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳ ಉಡುಪು ಹೊಲಿಯುವ ಸುಮಾರು ಐದು ಸಾವಿರ ಕೆಲಸಗಾರ್ತಿಯರು ಮೂರು ವಾರ ಕೆಲಸ ನಿಲ್ಲಿಸಿದ ಮುಷ್ಕರದ ವಿವರಣೆ ಇಡೀ ಪ್ರವಾಸದ ಅತ್ಯುತ್ತಮ ಭಾಗ. ಮಾಲೀಕರಲ್ಲಿ ಹೆಚ್ಚಿನವರು ಯೆಹೂದಿಗಳು, ಸಂಘಟನೆಯ ಮುಂದಾಳುಗಳಲ್ಲಿಯೂ ಯೆಹೂದಿಗಳೇ ಮುಖ್ಯರು, ಆದರೆ ಬೀದಿಗಿಳಿದ ಹೆಂಗಸರಲ್ಲಿ ಬಹುಪಾಲು ಫ್ರೆಂಚ್ ಕ್ಯಾಥೊಲಿಕರು. ಚರ್ಚಿನ ಬೆಂಬಲದ ಕ್ಯಾಥೊಲಿಕ್ ಕಾರ್ಮಿಕ ಸಂಘ ಅವರನ್ನು ತನ್ನ ಕಡೆ ಕರೆಯುತ್ತಿದ್ದರೂ ಅವರು ನಂಬಿದ್ದು ಲಿಯಾ ರೋಬ್ಯಾಕ್‌ರಂಥ ಯೆಹೂದಿ ಸಂಘಟಕರನ್ನು. ಕ್ವಿಬೆಕ್ ನಗರದ ಬಳಿಯ ಬೋಪೋರ್ ಎಂಬ ಫ್ರೆಂಚ್ ಊರಿನಲ್ಲಿ ಬೆಳೆದ ರೋಬ್ಯಾಕ್‌ಗೆ ಯಿಡ್ಡಿಶ್, ಫ್ರೆಂಚ್, ಇಂಗ್ಲಿಷ್ ಮೂರೂ ಸಲೀಸು. ಕೊನೆಗೆ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಕೂಲಿ ಹೆಚ್ಚಿತು, ದುಡಿಮೆಯ ಗಂಟೆಗಳು ಇಳಿದವು. ಧರ್ಮ ಮತ್ತು ಭಾಷೆಯ ಗೆರೆಗಳನ್ನು ಕೂಲಿಯ ಪ್ರಶ್ನೆ ಹೇಗೆ ದಾಟಿತು ಎಂಬುದನ್ನು, ಯಾರನ್ನೂ ಹೊಗಳಿ ಅಟ್ಟಕ್ಕೇರಿಸದೆ, ಆ ಕಿಟಕಿಗಳ ಕೆಳಗೇ ನಿಲ್ಲಿಸಿ ವಿವರಿಸಿದ ಮಾರ್ಗದರ್ಶಿಗೆ ನಾನು ನಿಜಕ್ಕೂ ಋಣಿ.

ಬ್ಯಾಗ್ ಬೀದಿಯ ಸಿನಗಾಗ್ ಮನೆಯೊಂದನ್ನು ಬದಲಾಯಿಸಿ ಮಾಡಿದ ಚಿಕ್ಕ ಪ್ರಾರ್ಥನಾ ಮಂದಿರ. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಹೊರಗಿನಿಂದಷ್ಟೇ ತೋರಿಸಿದರು. ಫೇರ್‌ಮೌಂಟ್ ಬೀದಿಯ ಬ್ನೈ ಜೇಕಬ್ ಸಿನಗಾಗಿನ ಗತಿ ಬೇರೆ. ಅದೀಗ ಕೊಲೇಜ್ ಫ್ರಾನ್ಸೆ ಎಂಬ ಫ್ರೆಂಚ್ ಶಾಲೆ. ಹೊಸದಾಗಿ ಎಬ್ಬಿಸಿದ ಮುಂಭಾಗದ ಹಿಂದೆ ಹಳೆಯ ಕಮಾನು, ಅದರ ಮೇಲಿನ ಹೀಬ್ರೂ ಅಕ್ಷರಗಳು ಇನ್ನೂ ಕಾಣುತ್ತವೆ. ತಲೆ ಎತ್ತಿ ಹುಡುಕದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಬಳಿಕ ಬೇಗಲ್ ಅಂಗಡಿ: ಜೇನು ಬೆರೆಸಿದ ನೀರಿನಲ್ಲಿ ಬೇಯಿಸಿದ ಹಿಟ್ಟಿನ ಬಳೆಗಳನ್ನು ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿ ಸೌದೆ ಒಲೆಯೊಳಕ್ಕೆ ತಳ್ಳುವುದನ್ನು ನೋಡಿ, ಬಿಸಿಯಾಗಿದ್ದಾಗಲೇ ತಿಂದೆವು. ಎಳ್ಳು ಹಚ್ಚಿದ್ದನ್ನೇ ಆರಿಸಿಕೊಳ್ಳಿ.

ಇನ್ನು ಕೊರತೆಗಳ ಮಾತು. 1934ರ ಜೂನ್‌ನಲ್ಲಿ ನೋತ್ರ್‌ದಾಮ್ ಆಸ್ಪತ್ರೆಗೆ ನೇಮಕವಾದ ಯುವ ವೈದ್ಯ ಸ್ಯಾಮ್ಯುಯೆಲ್ ರಬಿನೋವಿಚ್ ಯೆಹೂದಿ ಎಂಬ ಕಾರಣಕ್ಕೆ ಅಲ್ಲಿನ ತರಬೇತಿ ವೈದ್ಯರು ಕೆಲಸ ಬಿಟ್ಟು ಹೊರನಡೆದರು, ಇತರ ಕ್ಯಾಥೊಲಿಕ್ ಆಸ್ಪತ್ರೆಗಳ ತರಬೇತಿ ವೈದ್ಯರೂ ಅವರನ್ನು ಸೇರಿಕೊಂಡರು, ಕೆಲವೇ ದಿನಗಳಲ್ಲಿ ರಬಿನೋವಿಚ್ ರಾಜೀನಾಮೆ ಕೊಡಬೇಕಾಯಿತು. ಈ ಅನ್ಯಾಯವನ್ನು ಮಾರ್ಗದರ್ಶಿ ವಿಸ್ತಾರವಾಗಿ ಹೇಳಿದರು, ಹೇಳಬೇಕಾದದ್ದೇ. ಆದರೆ ಅದೇ ಕಾಲದಲ್ಲಿ ಇಂಗ್ಲಿಷರ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯ ಯೆಹೂದಿ ವಿದ್ಯಾರ್ಥಿಗಳಿಂದ ಇತರರಿಗಿಂತ ಹೆಚ್ಚಿನ ಅಂಕ ಕೇಳಿ ಅವರ ಸಂಖ್ಯೆಯನ್ನು ತಗ್ಗಿಸಿದ್ದು ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಕೂಗಾಡಿ ಹೊರದಬ್ಬಿದ್ದು ಒಂದು ಕಡೆ, ಸದ್ದಿಲ್ಲದೆ ಬಾಗಿಲು ಹಾಕಿದ್ದು ಇನ್ನೊಂದು ಕಡೆ. ಎರಡನ್ನೂ ಒಂದೇ ತೂಕದಲ್ಲಿ ಹೇಳದಿದ್ದರೆ ಫ್ರೆಂಚರೊಬ್ಬರೇ ಅಪರಾಧಿಗಳೆಂಬ ಭಾವನೆ ಕೇಳುವವರಲ್ಲಿ ಉಳಿಯುತ್ತದೆ. ಇದೇ ಬೀದಿಯ ದಕ್ಷಿಣ ಭಾಗದಲ್ಲಿರುವ ಮೊನ್ಯುಮಾಂ ನಾಸ್ಯೊನಾಲ್ ರಂಗಮಂದಿರವನ್ನು ಕೈಬಿಟ್ಟದ್ದೂ ಸರಿಯಲ್ಲ. ಫ್ರೆಂಚ್ ರಾಷ್ಟ್ರಾಭಿಮಾನಿಗಳು 1893ರಲ್ಲಿ ತಮ್ಮ ಸಂಸ್ಕೃತಿಯ ಕೋಟೆಯೆಂದು ಕಟ್ಟಿಸಿದ ಆ ಸಭಾಂಗಣದಲ್ಲಿ 1890ರ ದಶಕದಿಂದಲೇ ಯಿಡ್ಡಿಶ್ ನಾಟಕಗಳು ನಡೆದವು. ಆ ಒಂದು ಸಂಗತಿ ಬಿದ್ದುಹೋದರೆ ನೆರೆಹೊರೆಯ ಕಥೆಯಲ್ಲಿ ಜಗಳವೇ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಲೋಪ, ಕಥೆ ಎರಡನೆಯ ಮಹಾಯುದ್ಧದ ನಂತರ ಹೆಚ್ಚುಕಡಿಮೆ ನಿಂತುಬಿಡುವುದು. 1950ರ ದಶಕದಿಂದ ಮೊರಾಕ್ಕೊ ಮುಂತಾದ ಉತ್ತರ ಆಫ್ರಿಕಾದ ದೇಶಗಳಿಂದ ಬಂದ ಯೆಹೂದಿಗಳು ಫ್ರೆಂಚ್ ಮಾತನಾಡುತ್ತಲೇ ಬಂದವರು. ಅವರಿಗಾಗಿ 1969ರಲ್ಲಿ ಎಕೋಲ್ ಮೈಮೊನೀಡ್ ಎಂಬ ಫ್ರೆಂಚ್ ಮಾಧ್ಯಮದ ಯೆಹೂದಿ ಶಾಲೆ ಶುರುವಾಯಿತು. ಪ್ರಾಂತ್ಯದಲ್ಲಿ ಫ್ರೆಂಚ್‌ಗೆ ಪ್ರಾಧಾನ್ಯ ಕೊಟ್ಟ 1977ರ ಭಾಷಾ ಕಾನೂನಿನ ಆಸುಪಾಸಿನಲ್ಲಿ ಇಂಗ್ಲಿಷ್ ಮಾತನಾಡುವ ಯೆಹೂದಿ ಯುವಜನರು ದೊಡ್ಡ ಸಂಖ್ಯೆಯಲ್ಲಿ ಇಂಗ್ಲಿಷ್ ಮಾತಿನ ಟೊರಾಂಟೊ ನಗರದ ಕಡೆ ಹೊರಟುಹೋದರು. ಯಾವ ನೆರೆಯವರ ಭಾಷೆ ಹಿಡಿಯಬೇಕೆಂಬ 1903ರ ಪ್ರಶ್ನೆಯೇ ಅಲ್ಲಿ ಮತ್ತೆ ಎದುರಾದದ್ದು. ಅದನ್ನು ಚೌಕದಲ್ಲಿ ಅಷ್ಟು ಚೆನ್ನಾಗಿ ವಿವರಿಸಿದ ಪ್ರವಾಸ, ಇಲ್ಲಿಯವರೆಗೆ ತರದೆ ಬೇಗಲ್ ಹಂಚಿ ಬೀಳ್ಕೊಟ್ಟದ್ದು ನನಗೆ ಬೇಸರ ತಂದಿತು.

ಇಷ್ಟಾದರೂ ಹೋಗಿಬನ್ನಿ ಎಂದೇ ಹೇಳುತ್ತೇನೆ. ಕೂರಲು ಜಾಗ ಸಿಗುವುದು ಚೌಕದಲ್ಲಿ ಮಾತ್ರ, ಆದ್ದರಿಂದ ಹಿರಿಯರು ಯೋಚಿಸಿ ಹೊರಡುವುದು ಒಳ್ಳೆಯದು. ಮಾರ್ಗದರ್ಶಿ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸುತ್ತಾರೆ. ಮೊರಾಕ್ಕೊದವರ ಬಗ್ಗೆ ಕೇಳಿದಾಗ ಅವರಿಗೆ ತಿಳಿದಿದ್ದದ್ದು ಬಹಳ, ಹೇಳಲು ಸಮಯವಷ್ಟೇ ಇರಲಿಲ್ಲ. ಶನಿವಾರ ಬಿಟ್ಟು ಬೇರೆ ದಿನ ಬೆಳಗಿನ ಪ್ರವಾಸಕ್ಕೆ ಹೋದರೆ, ಮಧ್ಯಾಹ್ನ 1914ರಲ್ಲಿ ಸ್ಥಾಪನೆಯಾದ ಯೆಹೂದಿ ಸಾರ್ವಜನಿಕ ಗ್ರಂಥಾಲಯಕ್ಕೆ ಭೇಟಿ ಕೊಡಬಹುದು. ಪ್ರವಾಸ ಬಿಟ್ಟ ಅರ್ಧ ಕಥೆಗೆ ಬೇಕಾದ ಪುಸ್ತಕಗಳು ಅಲ್ಲಿ ಇಂಗ್ಲಿಷಿನಲ್ಲೂ ಇವೆ, ಫ್ರೆಂಚಿನಲ್ಲೂ ಇವೆ.