ಪ್ರತಿಫಲಕ ತಾರಸಿ ಲೇಪನ: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಓದಿಕೊಳ್ಳಿ

ನಾನು ನಿರ್ವಹಣೆ ನೋಡಿಕೊಳ್ಳುವ ಬಹುಮಹಡಿ ಕಚೇರಿ ಕಟ್ಟಡದ ತಾರಸಿಗೆ ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಬಿಳಿಯ ಪ್ರತಿಫಲಕ ಲೇಪನ ಹಾಕಿಸಲಾಗಿತ್ತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಬಹುಭಾಗವನ್ನು ಕೆರೆದು ತೆಗೆಸಬೇಕಾಯಿತು. ಕೆಲಸ ಮಾಡಿದ ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ಇದೇ ರೀತಿಯ ಕಾಗದಪತ್ರಗಳನ್ನು, ಇದೇ ರೀತಿಯ ಮಾತುಗಳನ್ನು ಇತರರೂ ಹೊತ್ತು ತರುತ್ತಾರೆ. ಆದ್ದರಿಂದ ಎಲ್ಲೆಲ್ಲಿ ಏನೇನು ತಪ್ಪಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಬಿಸಿಲನ್ನು ಹಿಂದಕ್ಕೆ ಕಳಿಸಿ ಚಾವಣಿಯನ್ನು ತಂಪಾಗಿಡುವ ‘ತಂಪು ತಾರಸಿ’ಯ ಹಿಂದಿರುವ ವಿಜ್ಞಾನದಲ್ಲಿ ದೋಷವಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಕಡುಬಣ್ಣದ ಚಾವಣಿಯ ಮೇಲ್ಮೈ 65 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಒಳ್ಳೆಯ ಪ್ರತಿಫಲಕ ಚಾವಣಿ ಅದೇ ಬಿಸಿಲಿನಲ್ಲಿ ಅದಕ್ಕಿಂತ 25 ಡಿಗ್ರಿಗೂ ಹೆಚ್ಚು ತಂಪಾಗಿರಬಲ್ಲದು. ನಮಗೆ ತೊಂದರೆಯಾದದ್ದು ಈ ತತ್ತ್ವದಿಂದಲ್ಲ, ಅದನ್ನು ಮಾರಿದ ಬಗೆಯಿಂದ ಮತ್ತು ಬಳಿದ ಬಗೆಯಿಂದ.

ಮಾರಾಟದ ಪತ್ರದಲ್ಲಿ ಎದ್ದು ಕಾಣುವಂತೆ ಮುದ್ರಿಸಿದ್ದು ಎಸ್‌ಆರ್‌ಐ, ಅಂದರೆ ಸೋಲಾರ್ ರಿಫ್ಲೆಕ್ಟೆನ್ಸ್ ಇಂಡೆಕ್ಸ್, ಎಂಬ ಒಂದೇ ಒಂದು ಅಂಕಿ. ಬಿಸಿಲಿನ ಶೇಕಡಾ 5ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುವ ಪ್ರಮಾಣಿತ ಕಪ್ಪು ಮೇಲ್ಮೈಗೆ 0, ಶೇಕಡಾ 80ರಷ್ಟನ್ನು ಕಳಿಸುವ ಪ್ರಮಾಣಿತ ಬಿಳಿ ಮೇಲ್ಮೈಗೆ 100 ಎಂದಿಟ್ಟುಕೊಂಡು, ಮೇಲ್ಮೈ ತಾನು ಹೀರಿದ ಶಾಖವನ್ನು ಎಷ್ಟು ಚೆನ್ನಾಗಿ ಹೊರಸೂಸುತ್ತದೆ ಎಂಬುದನ್ನೂ ಸೇರಿಸಿ ಇದನ್ನು ಲೆಕ್ಕ ಹಾಕುತ್ತಾರೆ. ನಮಗೆ ತೋರಿಸಿದ ಅಂಕಿ 100ನ್ನು ಮೀರಿತ್ತು. ಅದು ಸುಳ್ಳಾಗಿರಬೇಕೆಂದೇನೂ ಇಲ್ಲ, ಒಳ್ಳೆಯ ಬಿಳಿ ಲೇಪನಗಳು ಹೊಸದಾಗಿರುವಾಗ ಅಷ್ಟು ಪಡೆಯುತ್ತವೆ. ಆದರೆ ಅದು ಪ್ರಯೋಗಾಲಯದಲ್ಲಿ, ಸ್ವಚ್ಛವಾದ ಮಾದರಿ ಫಲಕದ ಮೇಲೆ, ನಿಗದಿತ ದಪ್ಪಕ್ಕೆ ಬಳಿದ ಹೊಸ ಲೇಪನದ ಅಂಕಿ. ಧೂಳು, ಮಸಿ, ಪಾಚಿ ಕುಳಿತ ಮೇಲೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರವೇ ಇರಲಿಲ್ಲ.

ಈ ಉತ್ತರ ಇರುವ ಪತ್ರಗಳೂ ಉಂಟು. ಅಮೆರಿಕದ ಕೂಲ್ ರೂಫ್ ರೇಟಿಂಗ್ ಕೌನ್ಸಿಲ್ ಎಂಬ ಸಂಸ್ಥೆ ಚಾವಣಿ ಸಾಮಗ್ರಿಗಳ ಮಾದರಿಗಳನ್ನು ಫ್ಲಾರಿಡಾ, ಅರಿಜೋನ ಮತ್ತು ಓಹಾಯೋಗಳ ಮೂರು ಬೇರೆ ಬೇರೆ ಹವೆಗಳಲ್ಲಿ 3 ವರ್ಷ ಬಯಲಿನಲ್ಲಿಟ್ಟು, ಹೊಸದರ ಅಂಕಿಯ ಜೊತೆಗೆ ಹಳತಾದದ್ದರ ಅಂಕಿಯನ್ನೂ ಪ್ರಕಟಿಸುತ್ತದೆ. ಲೀಡ್ ಹಸಿರು ಕಟ್ಟಡ ಮಾನದಂಡದ 4ನೆಯ ಆವೃತ್ತಿಯು ಕಡಿಮೆ ಇಳಿಜಾರಿನ ಚಾವಣಿಗೆ ಆರಂಭದ ಎಸ್‌ಆರ್‌ಐ 82 ಎಂದೂ 3 ವರ್ಷದ ನಂತರದ್ದು 64 ಎಂದೂ ಕೇಳುತ್ತದೆ. ಈ ಎರಡರ ನಡುವಿನ ಇಳಿಕೆಯೇ ವಾಸ್ತವ. ಹಳತಾದ ನಂತರದ ಅಂಕಿ ಕೊಡಲಾಗದವರ ಜೊತೆ ಉಳಿತಾಯದ ಲೆಕ್ಕ ಮಾತನಾಡುವುದೇ ವ್ಯರ್ಥ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಪ್ರದರ್ಶನದ ಬಗ್ಗೆಯೂ ಹೇಳಬೇಕು. ಪ್ರತಿನಿಧಿಗಳು ಲೋಹದ ಬಣ್ಣದ ಇನ್ನೊಂದು ಲೇಪನವನ್ನೂ ತಂದಿದ್ದರು. ಅದನ್ನು ಬಳಿದ ತಗಡನ್ನು ಬಿಸಿಲಿನಲ್ಲಿಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್ (ಮುಟ್ಟದೆಯೇ, ಮೇಲ್ಮೈ ಹೊರಸೂಸುವ ಶಾಖದಿಂದ ತಾಪ ಅಳೆಯುವ ಉಪಕರಣ) ಹಿಡಿದು ತಾಪ ತೋರಿಸಿದಾಗ, ನೋಡುತ್ತಿದ್ದವರೆಲ್ಲ ಬೆರಗಾದರು. ಹೊಳೆಯುವ ಲೋಹದ ಮೇಲ್ಮೈ ಶಾಖವನ್ನು ಬಹಳ ಕಡಿಮೆ ಹೊರಸೂಸುವುದರಿಂದ, ಸಾಮಾನ್ಯ ಮೇಲ್ಮೈಗೆ ಹೊಂದಿಸಿಟ್ಟ ಆ ಉಪಕರಣ ಅದರ ನಿಜವಾದ ತಾಪಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಅದೇ ತಗಡನ್ನು ಕೈಯಿಂದ ಮುಟ್ಟಿ ನೋಡಿ ಎಂದು ಅವರು ಯಾರಿಗೂ ಹೇಳಲಿಲ್ಲ.

ಇನ್ನು ಕೆಲಸ ನಡೆದ ಬಗೆ. ಪೈಪಿನಿಂದ ನೀರು ಹಾಯಿಸಿ ತಾರಸಿಯನ್ನು ತೊಳೆದಂತೆ ಮಾಡಿದರು. ಪ್ಯಾರಪೆಟ್ ಗೋಡೆಯ ಬುಡದ ಪಾಚಿ ಹಾಗೆಯೇ ಉಳಿಯಿತು. ತೊಳೆದ ಕಾಂಕ್ರೀಟು ಒಳಗಿನಿಂದ ಒಣಗಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಈ ಪರೀಕ್ಷೆಗೆ ಖರ್ಚೇ ಇಲ್ಲ: ಸುಮಾರು 45 ಸೆಂಟಿಮೀಟರ್ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ನೋಡಿದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಅಥವಾ ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ತೇವ ಇನ್ನೂ ಇದೆ ಎಂದರ್ಥ. ನಮ್ಮಲ್ಲಿ ಲೇಪನ ಗಟ್ಟಿಯಾಗಿ ಹಿಡಿಯಲೆಂದು ಮೊದಲು ಹೊಡೆಯುವ ಪ್ರೈಮರ್ ಅನ್ನು ಕೆಲವು ಭಾಗಗಳಿಗೆ ಮಾತ್ರ ಹೊಡೆದಿದ್ದರು ಎಂಬುದು ಲೇಪನ ಕಿತ್ತ ಮೇಲೆ ತಿಳಿಯಿತು.

ದಪ್ಪದ ವಿಷಯದಲ್ಲಂತೂ ಲೆಕ್ಕವೇ ಸಾಕ್ಷಿಯಾಯಿತು. ಒಣಗಿದ ಮೇಲೆ ಅರ್ಧ ಮಿಲಿಮೀಟರ್ ದಪ್ಪ ಉಳಿಯಬೇಕೆಂದು ಒಪ್ಪಂದದಲ್ಲಿತ್ತು. ನೀರು ಆಧಾರಿತ ಅಕ್ರಿಲಿಕ್ ಲೇಪನದಲ್ಲಿ ಒಣಗಿದ ಮೇಲೆ ಉಳಿಯುವ ಘನಾಂಶ ಗಾತ್ರದಲ್ಲಿ ಅರ್ಧದಷ್ಟಿದ್ದರೆ, ಹಸಿಯಾಗಿರುವಾಗ ಅದು ಒಂದು ಮಿಲಿಮೀಟರ್ ಇರಬೇಕು, ಅಂದರೆ ಚದರ ಮೀಟರಿಗೆ ಒಂದು ಲೀಟರ್, ಅದೂ ಏನೂ ಪೋಲಾಗದಿದ್ದರೆ. ಗೇಟಿನ ದಾಖಲೆ ಪುಸ್ತಕದಲ್ಲಿ ಒಳಬಂದ ಡ್ರಮ್ಮುಗಳನ್ನು ಎಣಿಸಿ ತಾರಸಿಯ ವಿಸ್ತೀರ್ಣದಿಂದ ಭಾಗಿಸಿದಾಗ ಅರ್ಧ ಲೀಟರೂ ಬರಲಿಲ್ಲ. ಮೇಲಾಗಿ ಅದಕ್ಕೆ ನೀರು ಬೆರೆಸಿ ತೆಳುವಾಗಿಸಿದ್ದನ್ನು ಕಾವಲುಗಾರರು ಕಣ್ಣಾರೆ ಕಂಡಿದ್ದರು. ತೆಳುವಾದ ಲೇಪನವೂ ಮೊದಲ ದಿನ ಬೆಳ್ಳಗೇ ಕಾಣುತ್ತದೆ. ಕಣ್ಣಳತೆಯಿಂದ ಇದನ್ನು ಹಿಡಿಯಲು ಸಾಧ್ಯವೇ ಇಲ್ಲ.

ನಿಜವಾದ ಹಾನಿ ಮಾಡಿದ್ದು ನೀರು. ಸಮತಟ್ಟು ತಾರಸಿಯಲ್ಲಿ ಮಳೆ ನಿಂತು 48 ಗಂಟೆ ಕಳೆದರೂ ನೀರು ಇಂಗದೆ, ಹರಿದುಹೋಗದೆ ಉಳಿಯುವ ತಗ್ಗುಗಳಿದ್ದರೆ ಅಲ್ಲಿ ಅಕ್ರಿಲಿಕ್ ಲೇಪನ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ತಾರಸಿಯಲ್ಲಿ ಅಂಥ ತಗ್ಗುಗಳ ಜೊತೆಗೆ ಎಸಿ ಯಂತ್ರಗಳಿಂದ ಸದಾ ತೊಟ್ಟಿಕ್ಕುವ ನೀರೂ ಇತ್ತು. ಇಳಿಜಾರನ್ನು ಸರಿಪಡಿಸುವ, ಆ ನೀರನ್ನು ಕೊಳವೆಯಲ್ಲಿ ಹೊರಹಾಕುವ ಪ್ರಸ್ತಾಪ ಬಂದಾಗ, ಲೇಪನವೇ ವಾಟರ್‌ಪ್ರೂಫಿಂಗ್ ಆಗಿಯೂ ಕೆಲಸ ಮಾಡುತ್ತದೆ ಎಂದು ಗುತ್ತಿಗೆದಾರರು ತಳ್ಳಿಹಾಕಿದ್ದರು. ಕಾಂಕ್ರೀಟಿನೊಳಗೆ ಸಿಕ್ಕಿಕೊಂಡಿದ್ದ ತೇವ ಬಿಸಿಲಿಗೆ ಆವಿಯಾಗಿ ಲೇಪನವನ್ನು ಹಪ್ಪಳದಂತೆ ಉಬ್ಬಿಸಿತು. ಒಡೆದ ಗುಳ್ಳೆಗಳ ಮೂಲಕ ಮಳೆನೀರು ಒಳಹೊಕ್ಕು, ಲೇಪನದ ಅಡಿಯಲ್ಲೇ ಹರಿದು, ಎಲ್ಲೋ ದೂರದ ಬಿರುಕಿನಲ್ಲಿ ಕೆಳಗಿನ ಕಚೇರಿಗೆ ಸೋರತೊಡಗಿತು. ಸೋರಿಕೆಯ ಮೂಲ ಹುಡುಕುವುದು ಲೇಪನ ಇಲ್ಲದಿದ್ದಾಗಿನದಕ್ಕಿಂತ ಕಷ್ಟವಾಯಿತು.

ಉಳಿತಾಯದ ಭರವಸೆಯನ್ನು ಇಡೀ ಕಟ್ಟಡದ ವಿದ್ಯುತ್ ಬಿಲ್ಲಿನ ಶೇಕಡಾವಾರಿನಲ್ಲಿ ಕೊಟ್ಟಿದ್ದರು. ಚಾವಣಿಯ ಶಾಖ ನೇರವಾಗಿ ತಟ್ಟುವುದು ಮೇಲಿನ ಮಹಡಿಗೆ ಮಾತ್ರ. ಕೆಳಗಿನ ಮಹಡಿಗಳ ಎಸಿ ಹೊರೆಯನ್ನು ನಿರ್ಧರಿಸುವುದು ಕಿಟಕಿಗಳು, ಜನರು, ದೀಪಗಳು, ಕಂಪ್ಯೂಟರುಗಳು ಮತ್ತು ಹೊರಗಿನಿಂದ ಬರುವ ಗಾಳಿ. ಚಾವಣಿಯಡಿ ಈಗಾಗಲೇ ದಪ್ಪನೆಯ ಶಾಖನಿರೋಧಕ ಪದರವಿದ್ದರೆ ಲಾಭ ಇನ್ನೂ ಕುಗ್ಗುತ್ತದೆ. ವಿಶಾಲವಾದ ಒಂದಂತಸ್ತಿನ ಗೋದಾಮು ಅಥವಾ ಮಳಿಗೆಗೆ ಒಪ್ಪುವ ಲೆಕ್ಕವನ್ನು ಎತ್ತರದ ಕಚೇರಿ ಕಟ್ಟಡಕ್ಕೆ ಹೊಂದಿಸಿ ತೋರಿಸಿದ್ದರು. ಚಳಿ ಹೆಚ್ಚಿರುವ ಊರುಗಳಲ್ಲಾದರೆ ಬೇಸಿಗೆಯಲ್ಲಿ ಉಳಿದದ್ದರಲ್ಲಿ ಒಂದಷ್ಟು ಚಳಿಗಾಲದ ಹೀಟರಿಗೆ ಹೋಗುತ್ತದೆ.

ದೂರು ಕೊಟ್ಟಾಗ ವಾರಂಟಿ ಪತ್ರವನ್ನು ಅವರೇ ನಮಗೆ ಓದಿ ಹೇಳಿದರು. ನೀರು ನಿಲ್ಲುವ ಜಾಗ, ಜನ ಓಡಾಡುವ ಜಾಗ, ಮೊದಲೇ ದೋಷವಿದ್ದ ಮೇಲ್ಮೈ, ಇವೆಲ್ಲಕ್ಕೂ ವಾರಂಟಿ ಅನ್ವಯಿಸುವುದಿಲ್ಲ. ಅನ್ವಯಿಸುವ ಜಾಗಕ್ಕೂ ಸಾಮಗ್ರಿ ಮಾತ್ರ ಸಿಗುತ್ತದೆ, ಕೂಲಿ ಸಿಗುವುದಿಲ್ಲ. ಪ್ರತಿಫಲನ ಇಂತಿಷ್ಟು ಉಳಿಯುತ್ತದೆ ಎಂಬ ವಾಕ್ಯ ಅದರಲ್ಲಿ ಒಂದೂ ಇರಲಿಲ್ಲ. ಬಿಳಿ ಲೇಪನಕ್ಕೆ ಹಣ ಕೊಡುವುದೇ ಪ್ರತಿಫಲನಕ್ಕಾಗಿ ಎಂಬುದನ್ನು ನೆನೆದರೆ ನಗು ಬರುತ್ತದೆ.

ಈಗ ಹೊಸ ಕೆಲಸಕ್ಕೆ ಬರೆದುಕೊಂಡಿರುವ ಒಪ್ಪಂದದಲ್ಲಿ ತಾರಸಿಯ ಒಂದು ಮೂಲೆಯಲ್ಲಿ ಮೊದಲು ಬಳಿದು, ಒಣಗಿದ ಮೇಲೆ ಎಳೆದು ಹಿಡಿತ ಪರೀಕ್ಷಿಸಬೇಕೆಂದಿದೆ. ಹಸಿ ದಪ್ಪವನ್ನು ಹಸಿ ಲೇಪನದೊಳಗೆ ಒತ್ತಿ ನೋಡುವ ಬಾಚಣಿಗೆಯಂಥ ಅಳತೆಪಟ್ಟಿಯಿಂದ ನಮ್ಮವರ ಎದುರಿಗೇ ಅಳೆಯಬೇಕು, ಡ್ರಮ್ಮುಗಳ ಮೊಹರನ್ನು ನಮ್ಮವರೇ ಒಡೆಯಬೇಕು. ಕೆಲಸ ಮುಗಿದಾಗ ಮತ್ತು ಒಂದು ವರ್ಷದ ನಂತರ, ಕೈಯಲ್ಲಿ ಹಿಡಿಯುವ ರಿಫ್ಲೆಕ್ಟೋಮೀಟರಿನಿಂದ ಎಎಸ್‌ಟಿಎಂ ಸಿ1549 ಎಂಬ ಪ್ರಮಾಣಿತ ಪರೀಕ್ಷಾ ವಿಧಾನದಂತೆ ತಾರಸಿಯ ಮೇಲೆಯೇ ಪ್ರತಿಫಲನ ಅಳೆಯಬೇಕು, ಹಣದ ಕೊನೆಯ ಕಂತು ಎರಡನೆಯ ಅಳತೆಯ ನಂತರವೇ. ಈ ಷರತ್ತುಗಳನ್ನು ಓದಿ ಕೆಲವರು ದರಪಟ್ಟಿಯನ್ನೇ ಕೊಡಲಿಲ್ಲ. ನೀರು ನಿಲ್ಲುವ ತಗ್ಗುಗಳಿಗೆ ಸಿಲಿಕೋನ್ ಲೇಪನ ಬಳಸಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಅದು ನಿಂತ ನೀರನ್ನು ತಡೆದುಕೊಳ್ಳುತ್ತದೆ ನಿಜ, ಆದರೆ ಧೂಳನ್ನು ಬೇಗ ಹಿಡಿಯುತ್ತದೆ, ಒದ್ದೆಯಾದಾಗ ವಿಪರೀತ ಜಾರುತ್ತದೆ, ಮತ್ತು ಒಮ್ಮೆ ಸಿಲಿಕೋನ್ ಬಳಿದ ಮೇಲೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೆ ಲೇಪನ ಸುಲಭವಾಗಿ ಹಿಡಿಯುವುದಿಲ್ಲ. ಆದ್ದರಿಂದ ನಾವು ಮೊದಲು ಇಳಿಜಾರಿನ ಕೆಲಸಕ್ಕೆ ಕೈಹಾಕಿದ್ದೇವೆ.