ಮೂರು ಮಳೆಗಾಲದ ನಂತರ: ನಮ್ಮ ಅಂಗಡಿಯ ಸ್ಕ್ವಿಡ್ ಪ್ರಾಕ್ಸಿ

ಸ್ಕ್ವಿಡ್ ಎಂದರೆ ಅಂಗಡಿಯ ಕಂಪ್ಯೂಟರುಗಳಿಗೂ ಇಂಟರ್ನೆಟ್ಟಿಗೂ ನಡುವೆ ನಿಂತು ಕೋರಿಕೆಗಳನ್ನು ಸಾಗಿಸುವ ತಂತ್ರಾಂಶ; ಹೀಗೆ ನಡುವೆ ನಿಲ್ಲುವುದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಯಾವ ಕೆಲಸಕ್ಕೆಂದು ಅದನ್ನು ಹಾಕಿಕೊಂಡೆನೋ ಆ ಕೆಲಸವನ್ನು ಅದು ಒಂದು ದಿನವೂ ಮಾಡಿಕೊಡಲಿಲ್ಲ. ಆದರೂ ಮೂರನೆಯ ಮಳೆಗಾಲ ಮುಗಿಯುತ್ತಿರುವ ಈ ಹೊತ್ತಿಗೂ ಅದು ಅಂಗಡಿಯ ಮೂಲೆಯಲ್ಲಿ ಗುಂಯ್‌ಗುಡುತ್ತಲೇ ಇದೆ.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಆರು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಪಹಣಿ ತೆಗೆಸುವವರು, ವಿದ್ಯಾರ್ಥಿವೇತನದ ಅರ್ಜಿ ತುಂಬುವ ಮಕ್ಕಳು, ಫಲಿತಾಂಶದ ದಿನ ಬಾಗಿಲವರೆಗೂ ನಿಲ್ಲುವ ಅಪ್ಪ ಅಮ್ಮಂದಿರು. ಮೂಲೆಗೆ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪಿಗೆ ಎರಡನೆಯ ಲ್ಯಾನ್ ಕಾರ್ಡ್ ಸಿಕ್ಕಿಸಿ, ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಅದರ ಮೇಲೆ ಸ್ಕ್ವಿಡ್ ಕೂರಿಸಿದೆ. ತಂತ್ರಾಂಶ ಉಚಿತ, ಒಟ್ಟು ಖರ್ಚು ಕಾರ್ಡಿನ 600 ರೂಪಾಯಿ ಮತ್ತು ಎರಡು ಭಾನುವಾರ.

ನನ್ನ ಲೆಕ್ಕ ಸರಳವಾಗಿತ್ತು. ಬರುವವರೆಲ್ಲ ತೆರೆಯುವುದು ಅದೇ ಹತ್ತು ಹನ್ನೆರಡು ಜಾಲತಾಣ. ಒಬ್ಬರು ತೆರೆದದ್ದನ್ನು ಪ್ರಾಕ್ಸಿ ತುಂಬಿಟ್ಟುಕೊಂಡರೆ ಮುಂದಿನವರಿಗೆ ಅಲ್ಲಿಂದಲೇ ಬಡಿಸಬಹುದು, ಡೇಟಾ ಉಳಿಯುತ್ತದೆ. ಆ ಆಸೆಯಿಂದ ಹೀಗೆ ತುಂಬಿಡುವ ಕಣಜಕ್ಕೆ, ಅಂದರೆ ಕ್ಯಾಶೆಗೆ, 20 ಜಿಬಿ ಜಾಗ ಬಿಟ್ಟುಕೊಟ್ಟೆ. ಆದರೆ ಸ್ಕ್ವಿಡ್ ಹುಟ್ಟಿದ್ದು 1996ರಲ್ಲಿ. ಆಗ ಜಾಲದ ಪುಟಗಳು ಅಂಚೆ ಕಾರ್ಡಿನ ಹಾಗೆ ಓಡಾಡುತ್ತಿದ್ದವು. ನಡುವೆ ನಿಂತವನು ಓದಬಹುದಿತ್ತು, ನಕಲು ಇಟ್ಟುಕೊಳ್ಳಬಹುದಿತ್ತು. ಈಗ ಬಹುತೇಕ ಎಲ್ಲವೂ ಎಚ್‌ಟಿಟಿಪಿಎಸ್, ಅಂಟು ಹಾಕಿದ ಲಕೋಟೆ. ಸ್ಕ್ವಿಡ್ ದಾರಿ ತೋಡಿಕೊಟ್ಟು ಸುಮ್ಮನೆ ಬದಿಗೆ ನಿಲ್ಲುತ್ತದೆ. ಆರು ತಿಂಗಳ ಮೇಲೆ ಇಣುಕಿ ನೋಡಿದರೆ ನನ್ನ ಕಣಜದಲ್ಲಿ ಹಿಡಿ ಕಾಳೂ ಇರಲಿಲ್ಲ. ಲಕೋಟೆ ಒಡೆದು ಓದುವ ಏರ್ಪಾಡೂ ಸ್ಕ್ವಿಡ್‌ನಲ್ಲಿ ಇದೆ. ಜನ ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಕಂಪ್ಯೂಟರುಗಳಲ್ಲಿ ಆ ಕೆಲಸಕ್ಕೆ ನಾನು ಕೈ ಹಾಕಲಾರೆ.

ಆಗಲೇ ಕಿತ್ತು ಹಾಕಬೇಕಿತ್ತು. ಹಾಕದೆ ಉಳಿದದ್ದು ಆಕ್ಸೆಸ್ ಲಾಗ್‌ನಿಂದಾಗಿ, ಅಂದರೆ ಪ್ರಾಕ್ಸಿ ಬರೆದಿಡುವ ದಿನಚರಿಯಿಂದಾಗಿ.

ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ನಾನು ಮೊದಲು ತೆರೆಯುವುದು ಅದನ್ನೇ, ಪೇಪರನ್ನಲ್ಲ. ಒಂದು ಕೋರಿಕೆಗೆ ಒಂದು ಸಾಲು. ಯಾವ ಕಂಪ್ಯೂಟರ್ ಕೇಳಿತು, ಎಲ್ಲಿಗೆ ಹೊರಟಿತು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಕೊನೆಗೆ ಏನಾಯಿತು. ಸಮಯವನ್ನು ಮಾತ್ರ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆಯುತ್ತದೆ. ಮನುಷ್ಯರ ಗಡಿಯಾರಕ್ಕೆ ಇಳಿಸಿಕೊಳ್ಳುವ ಒಂದು ಸಾಲಿನ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದೇನೆ. ಚೀಟಿ ಮಳೆಗಾಲಕ್ಕೊಮ್ಮೆ ಬೂಷ್ಟು ಹಿಡಿದು ಉದುರುತ್ತದೆ.

ಇದರ ಬೆಲೆ ಗೊತ್ತಾದದ್ದು ಎರಡನೆಯ ವರ್ಷ. ಪುನರ್ವಸು ಮಳೆ ಹಿಡಿದು ಬಿಡದೆ ಸುರಿಯುತ್ತಿತ್ತು. ಮೇಗರವಳ್ಳಿ ಕಡೆಯ ಹಿರಿಯರೊಬ್ಬರು ಮೊಮ್ಮಗಳ ಅರ್ಜಿ ಹಾಕಿಸಲು ಬಂದಿದ್ದರು. ಎಲ್ಲ ಪುಟವೂ ತೆರೆಯುತ್ತಿತ್ತು. ಶುಲ್ಕ ಕಟ್ಟುವ ಗುಂಡಿ ಒತ್ತಿದ ಕೂಡಲೇ ಕ್ರೋಮ್ ‘ಟನಲ್ ಕನೆಕ್ಷನ್ ಫೇಲ್ಡ್’ ಎಂದು ಮುಖ ತಿರುಗಿಸುತ್ತಿತ್ತು. ನಾನು ಎಂದಿನಂತೆ ಜಾಲತಾಣದ ಸರ್ವರನ್ನು ಬೈದೆ, ನಾಳೆ ಬನ್ನಿ ಎಂದೆ. ಮರುದಿನ ಅವರು ಎರಡು ಬಸ್ ಬದಲಿಸಿ, ಒದ್ದೆ ಕೊಡೆ ಮಡಚಿಕೊಂಡು ಬಂದರು. ಅದೇ ಕಥೆ. ‘ಎಂಥದು ಮಾರಾಯರೇ, ನನ್ನ ಅಳಿಯನ ಮೊಬೈಲಿನಲ್ಲಿ ಆ ಪುಟ ಬರುತ್ತದೆಯಲ್ಲ’ ಎಂದರು. ಆಗ ನನ್ನ ಕಿವಿ ಬಿಸಿಯಾಯಿತು. ಮೊಬೈಲು ನನ್ನ ಪ್ರಾಕ್ಸಿಯ ಮೂಲಕ ಹೋಗುವುದಿಲ್ಲ.

ಲಾಗ್ ತೆರೆದರೆ ಸಾಲು ಎದುರಿಗೇ ಇತ್ತು: ಟಿಸಿಪಿ ಡಿನೈಡ್, 403 (ಪ್ರಾಕ್ಸಿಯೇ ತಡೆದಿದೆ ಎಂದರ್ಥ), ತಾಣದ ಹೆಸರಿನ ಕೊನೆಗೆ 8443. ಎಚ್‌ಟಿಟಿಪಿಎಸ್ ಮಾಮೂಲಿಯಾಗಿ ಓಡುವುದು 443ನೆಯ ಪೋರ್ಟಿನಲ್ಲಿ; ಪೋರ್ಟ್ ಎಂದರೆ ಸರ್ವರಿನ ಸಂಖ್ಯೆ ಹಾಕಿದ ಬಾಗಿಲು. ಈ ಶುಲ್ಕದ ಪುಟ ಮಾತ್ರ 8443ರಲ್ಲಿ ಕುಳಿತಿತ್ತು. ಸ್ಕ್ವಿಡ್ ಜೊತೆಗೆ ಬರುವ ನಿಯಮಗಳ ಪ್ರಕಾರ ‘ಎಸ್‌ಎಸ್‌ಎಲ್ ಪೋರ್ಟ್ಸ್’ ಪಟ್ಟಿಯಲ್ಲಿ ಇಲ್ಲದ ಪೋರ್ಟಿಗೆ ಸುರಂಗ (ಲಕೋಟೆ ಸಾಗಲು ತೋಡಿಕೊಡುವ ಆ ದಾರಿ) ಕೊಡುವಂತಿಲ್ಲ, ಮತ್ತು ಆ ಪಟ್ಟಿಯಲ್ಲಿ ಇರುವುದು 443 ಒಂದೇ. ತಾಣದ್ದು ತಪ್ಪಿರಲಿಲ್ಲ, ಸ್ಕ್ವಿಡ್‌ನದ್ದೂ ಅಲ್ಲ. ಸಂರಚನಾ ಕಡತವನ್ನು ಓದದೆ ನಕಲು ಮಾಡಿ ಹಾಕಿದ್ದು ನಾನು. ಪಟ್ಟಿಗೆ ಒಂದು ಸಾಲು ಸೇರಿಸಿ, ಕಡತವನ್ನು ಮತ್ತೆ ಓದಿಸುವ ರೀಕಾನ್ಫಿಗರ್ ಆಜ್ಞೆ ಕೊಟ್ಟೆ. ಎರಡು ನಿಮಿಷದ ಕೆಲಸ. ಅವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಲಾಗ್ ಕೇಳದೆ ಯಾರನ್ನೂ ಬೈಯುವುದಿಲ್ಲ. 403 ಎಂದರೆ ನನ್ನದೇ ನಿಯಮ ಅಡ್ಡ ಬಂದಿದೆ. 503 ಎಂದರೆ ಪ್ರಾಕ್ಸಿ ಹೊರಟಿತು, ತಲುಪಲಿಲ್ಲ. ಸಾಲೇ ಇಲ್ಲದಿದ್ದರೆ ಕೋರಿಕೆ ಪ್ರಾಕ್ಸಿಯವರೆಗೆ ಬಂದೇ ಇಲ್ಲ. ಆಗ ಮೇಜಿನ ಕೆಳಗೆ ಬಗ್ಗಬೇಕು. ನಮ್ಮ ಥಂಡಿಗೆ ಲ್ಯಾನ್ ಕನೆಕ್ಟರಿನ ಪಿನ್ನುಗಳು ಕಿಲುಬು ಹಿಡಿಯುತ್ತವೆ, ಬೆಚ್ಚಗಿರುವ ನೆಟ್‌ವರ್ಕ್ ಸ್ವಿಚ್ಚಿನೊಳಗೆ ಇರುವೆ ಮೊಟ್ಟೆ ಇಡುತ್ತದೆ. ಆದರೆ ‘ಸಾಲೇ ಇಲ್ಲ’ ಎಂಬಲ್ಲಿ ಒಂದು ಮೋಸವಿದೆ, ನಾನು ಅರ್ಧ ದಿನ ಕೇಬಲ್ ಬದಲಿಸಿ ಕಲಿತದ್ದು: ಎಚ್‌ಟಿಟಿಪಿಎಸ್ ಸುರಂಗದ ಸಾಲನ್ನು ಸ್ಕ್ವಿಡ್ ಬರೆಯುವುದು ಸುರಂಗ ಮುಚ್ಚಿದ ಮೇಲೆ. ಪುಟ ತೆರೆದೇ ಇದ್ದರೆ ಸಾಲು ತಡವಾಗಿ ಬರುತ್ತದೆ. ಪಿಂಗ್ ಮಾಡಿ, ಅಂದರೆ ಹೊರಗಿನ ವಿಳಾಸವೊಂದನ್ನು ಕೂಗಿ ಓಗೊಡುತ್ತದೆಯೇ ಎಂದು ನೋಡಿ, ‘ನೆಟ್ ಸತ್ತಿದೆ’ ಎಂದು ತೀರ್ಪು ಕೊಟ್ಟು ಹೋದ ರಿಪೇರಿ ಹುಡುಗನೂ ಒಬ್ಬನಿದ್ದ. ನನ್ನ ಜಾಲದಲ್ಲಿ ಹೊರಗಿನ ವಿಳಾಸಕ್ಕೆ ಪಿಂಗ್ ಹೋಗುವುದೇ ಇಲ್ಲ; ಪ್ರಾಕ್ಸಿಗೆ ಆ ಭಾಷೆ ಬಾರದು.

ಮಳೆಗಾಲದ ಇನ್ನೊಂದು ಕಾಟ. ಮರ ಬಿದ್ದು ಫೈಬರ್ ಹರಿದರೆ ನನ್ನ ಸರ್ವರಿಗೆ, ಅಂದರೆ ಸ್ಕ್ವಿಡ್ ಕೂರಿಸಿದ ಡೆಸ್ಕ್‌ಟಾಪಿಗೆ, ಮೊಬೈಲ್ ಸಿಕ್ಕಿಸಿ ಅದರ ಡೇಟಾ ಹಂಚುತ್ತೇನೆ. ಸರ್ವರಿನಲ್ಲಿ ಪುಟ ತೆರೆಯುತ್ತದೆ, ಆರು ಕಂಪ್ಯೂಟರುಗಳಲ್ಲಿ ತೆರೆಯುವುದಿಲ್ಲ. ತಾಣದ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬಿಡಿಸಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ಸ್ಕ್ವಿಡ್ ಶುರುವಾದಾಗ ಒಮ್ಮೆ ಓದಿಕೊಂಡು ಅದನ್ನೇ ಹಿಡಿದು ಕೂರುತ್ತದೆ. ಲೈನು ಬದಲಾದದ್ದು ಅದಕ್ಕೆ ತಿಳಿಯದು. ಮತ್ತೆ ರೀಕಾನ್ಫಿಗರ್ ಕೊಟ್ಟರೆ ಸರಿ. ಇಂಥ ದಿನಗಳಲ್ಲೇ ಅದು ತನ್ನ ಅನ್ನದ ಋಣ ತೀರಿಸುತ್ತದೆ: ವಿಡಿಯೊ ತಾಣಗಳನ್ನೂ ವಿಂಡೋಸ್ ಅಪ್‌ಡೇಟನ್ನೂ ಎರಡು ಸಾಲಿನಲ್ಲಿ ತಡೆದುಬಿಟ್ಟರೆ ಮೊಬೈಲಿನ ದಿನದ ಡೇಟಾ ಸಂಜೆವರೆಗೂ ಬರುತ್ತದೆ.

ಒಂದು ರಾತ್ರಿ ಮನೆಯಲ್ಲಿ ಕುಳಿತು ಲಾಗ್ ನೋಡುತ್ತಿದ್ದೆ. ನಾಲ್ಕನೆಯ ಕಂಪ್ಯೂಟರಿನಲ್ಲಿ ಒಬ್ಬರು ಅದೇ ಆಸ್ಪತ್ರೆಯ ತಾಣವನ್ನು ವಾರದಲ್ಲಿ ಐದು ಸಲ ತೆರೆದಿದ್ದರು. ಯಾರೆಂದು ನನಗೆ ಗೊತ್ತಿತ್ತು. ಹೆಂಡತಿಗೆ ಹೇಳಿದೆ. ಅವಳು ಅವರೆಕಾಳು ಹಿಚುಕುತ್ತಿದ್ದವಳು ತಲೆ ಎತ್ತದೆ, ‘ಬೇರೆಯವರ ಕಾಗದ ಓದಿದ ಹಾಗಲ್ಲವೇ ಇದು?’ ಎಂದಳು. ಪುಟದೊಳಗಿನದು ನನಗೆ ಕಾಣುವುದಿಲ್ಲ, ತಾಣದ ಹೆಸರಷ್ಟೇ ಎಂದು ವಾದಿಸಿದೆ. ಲಕೋಟೆಯ ಮೇಲಿನ ವಿಳಾಸ ಓದಿದರೂ ಅಷ್ಟೇ ಎಂದಳು. ಈಗ ಏಳು ದಿನಕ್ಕಿಂತ ಹಳೆಯ ಲಾಗ್ ತಾನಾಗಿಯೇ ಅಳಿಯುತ್ತದೆ. ಇಲ್ಲಿ ತೆರೆದ ತಾಣಗಳ ಹೆಸರು ದಾಖಲಾಗುತ್ತದೆ ಎಂದು ಗೋಡೆಗೆ ಕಾಗದ ಅಂಟಿಸಿದ್ದೇನೆ. ಬೆಳಗಿನ ಓದನ್ನೂ 403 ಮತ್ತು 503ರ ಸಾಲುಗಳಿಗೆ ಸೀಮಿತ ಮಾಡಿಕೊಂಡಿದ್ದೇನೆ. ಕಾಫಿ ಮೊದಲಿನಷ್ಟು ರುಚಿಸುವುದಿಲ್ಲ ಎಂಬುದು ನಿಜ.

ನನಗೆ ಇಂದಿಗೂ ಸಿಟ್ಟು ಬರುವುದು ಲ್ಯಾಪ್‌ಟಾಪ್ ತರುವವರ ವಿಷಯದಲ್ಲಿ. ಅದರ ಪ್ರಾಕ್ಸಿ ಜಾಗದಲ್ಲಿ ನನ್ನ ಸರ್ವರಿನ ವಿಳಾಸ, ಪೋರ್ಟ್ 3128 ಎಂದು ತುಂಬಿಸಿ ಕೆಲಸ ಮಾಡಿಕೊಡುತ್ತೇನೆ. ಅಳಿಸಲು ಮರೆಯುತ್ತೇನೆ. ರಾತ್ರಿ ಅಕ್ಕನ ಮಗನ ಫೋನು: ‘ಮಾವ, ನಿಮ್ಮ ಅಂಗಡಿಗೆ ಬಂದು ಹೋದ ಮೇಲೆ ಮನೆಯಲ್ಲಿ ಏನೂ ತೆರೆಯುತ್ತಿಲ್ಲ.’ ಇಲ್ಲದ ಪ್ರಾಕ್ಸಿಯ ಬಾಗಿಲು ತಟ್ಟುತ್ತ ಕುಳಿತಿರುತ್ತದೆ ಅವನ ಲ್ಯಾಪ್‌ಟಾಪ್. ಹೋದ ಎಳ್ಳಮಾವಾಸ್ಯೆ ಜಾತ್ರೆಯ ಗದ್ದಲದ ನಡುವೆ ನಿಂತು ಒಬ್ಬರಿಗೆ ಫೋನಿನಲ್ಲೇ ಇದನ್ನು ಬಿಡಿಸಿ ಹೇಳಿದ್ದೇನೆ.

ಎರಡು ಮೂರು ಕಂಪ್ಯೂಟರಿನ ಅಂಗಡಿಯವರು ನನ್ನನ್ನು ಕೇಳಿದರೆ ಸಾಧಾರಣ ರೂಟರ್ ಸಾಕು ಎನ್ನುತ್ತೇನೆ. ನಾನು ಮಾತ್ರ ಬಿಡುವುದಿಲ್ಲ. ನಿನ್ನೆ ಬೇರೊಂದು ತಾಣ 8444ನೆಯ ಪೋರ್ಟ್ ಕೇಳಿತು. ಕುರ್ಚಿಯಲ್ಲಿದ್ದವರು ಸೀಟಿನಿಂದ ಏಳುವ ಮೊದಲೇ ಅವರ ರಶೀದಿ ಮುದ್ರಣವಾಗಿತ್ತು.