ವಿಯೆನ್ನಾದ ಶೋನ್‌ಬ್ರುನ್: ಅಜ್ಜ-ಅಜ್ಜಿ, ಮೊಮ್ಮಕ್ಕಳು ಕೂಡಿ ಹೋಗುವುದಾದರೆ

ಇಲ್ಲಿ ಕಾಸರಗೋಡಿನಲ್ಲಿ ಸೆಕೆ ಏರಿ ತೋಟಕ್ಕೆ ನೀರು ಸಾಲದಾಗುವ ಏಪ್ರಿಲ್‌ನಲ್ಲಿ ಆಸ್ಟ್ರಿಯಾದ ಮರಗಳು ಆಗಷ್ಟೇ ಚಿಗುರುತ್ತಿರುತ್ತವೆ. ಆ ಹೊತ್ತಿಗೆ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಿಂದ ಮಕ್ಕಳ ಮನೆಗೆಂದು ವಿಯೆನ್ನಾಕ್ಕೆ ಹೋಗುವವರು ಒಂದು ಇಡೀ ದಿನವನ್ನು ಅರಮನೆ, ಉದ್ಯಾನ, ಮೃಗಾಲಯ ಮೂರೂ ಒಂದೇ ಕಡೆ ಇರುವ ಶೋನ್‌ಬ್ರುನ್‌ಗೆ ಕೊಡಬಹುದು. ಆದರೆ ದುಡ್ಡನ್ನು ಅರಮನೆಗಲ್ಲ, ಮೃಗಾಲಯಕ್ಕೆ ಹಾಕಿ. ಅರಮನೆಯ ಒಳಗೆ ಟಿಕೆಟ್‌ನಲ್ಲಿ ಬರೆದ ಹೊತ್ತಿಗೇ ಹೋಗಬೇಕು, ಕೋಣೆಯ ಮೇಲೆ ಕೋಣೆ ನಿಂತೇ ನೋಡಬೇಕು. ಐದು ವರ್ಷದ ಮಗುವಿಗೆ ಮೂರನೆಯ ಕೋಣೆಯಲ್ಲೇ ಬೇಸರ ಹಿಡಿಯುತ್ತದೆ. ಉದ್ಯಾನಕ್ಕೆ ಟಿಕೆಟ್ ಇಲ್ಲ.

ಉದ್ಯಾನದ ವಿಸ್ತಾರವನ್ನು ಮೊದಲೇ ತಿಳಿದಿರಬೇಕು. ನಮ್ಮ ಬೇಕಲ ಕೋಟೆ 40 ಎಕರೆ. ಇದು ಸುಮಾರು 160 ಹೆಕ್ಟೇರ್, ಅಂದರೆ ಹತ್ತು ಬೇಕಲ ಕೋಟೆಗಳಷ್ಟು. ಹಾಗಾಗಿ ಎಲ್ಲಿ ಇಳಿಯುತ್ತೀರಿ ಎಂಬುದು ಮುಖ್ಯ. ಯು4 ಮೆಟ್ರೋದಲ್ಲಿ ‘ಶೋನ್‌ಬ್ರುನ್’ ನಿಲ್ದಾಣದಲ್ಲಿ ಇಳಿದರೆ ಅರಮನೆಯ ಬಾಗಿಲು. ಮುಂದಿನ ‘ಹೀಟ್ಸಿಂಗ್’ನಲ್ಲಿ ಇಳಿದರೆ ಮೃಗಾಲಯ ಹತ್ತಿರ. ಹೆಸರು ನೋಡಿ ಮೊದಲಿನದರಲ್ಲೇ ಇಳಿಯುವವರು ಬೆಳಗ್ಗಿನ ಶಕ್ತಿಯನ್ನೆಲ್ಲ ದಾರಿಯಲ್ಲೇ ಕಳೆದುಕೊಳ್ಳುತ್ತಾರೆ. ಮೆಟ್ರೋಗೆ ತಡೆಗೇಟು ಇಲ್ಲವೆಂದು ಟಿಕೆಟ್ ಮರೆಯಬೇಡಿ, ಕಾಗದದ ಟಿಕೆಟ್‌ಗೆ ಯಂತ್ರದಲ್ಲಿ ಮುದ್ರೆ ಒತ್ತಿಸುವುದನ್ನೂ ಮರೆಯಬೇಡಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ ನೂರು ಯೂರೋಗೂ ಮೇಲೆ.

ಮೃಗಾಲಯ ಬೆಳಗ್ಗೆ 9ಕ್ಕೆ ತೆರೆಯುತ್ತದೆ, ಆಗಲೇ ಒಳಗಿರಿ. 1752ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ, ಜಗತ್ತಿನ ಅತಿ ಹಳೆಯ ಮೃಗಾಲಯ ಇದು. ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ. ದೊಡ್ಡವರ ಟಿಕೆಟ್ ಅಗ್ಗವಲ್ಲ, ಆನ್‌ಲೈನಿನಲ್ಲಿ ಕೊಂಡರೆ ಸಾಲು ನಿಲ್ಲುವುದಾದರೂ ತಪ್ಪುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾದಿಂದ ಬಂದ ಪಾಂಡಾ ಜೋಡಿಯನ್ನು ಮೊದಲು ನೋಡಿ ಮುಗಿಸಿ. ಹೊತ್ತೇರಿದ ಮೇಲೆ ಅವು ನಿದ್ದೆಗೆ ಜಾರಿದರೆ ಕಾಣುವುದು ಬೆನ್ನು ಮಾತ್ರ. ನಮ್ಮ ಹಿರಿಯರಿಗೆ ಇಷ್ಟವಾಗುವುದು ಮಾತ್ರ ಮೇಲ್ಗಡೆಯ ಟಿರೋಲರ್‌ಹೋಫ್: ಆಲ್ಪ್ಸ್ ಸೀಮೆಯ ಹಳೆಯ ಮರದ ರೈತಮನೆಯನ್ನು ಕಳಚಿ ತಂದು ಮತ್ತೆ ಜೋಡಿಸಿದ್ದು, ಜತೆಗೆ ಅಲ್ಲಿನ ನಾಡತಳಿಯ ದನಗಳು. ಹಟ್ಟಿ, ಹುಲ್ಲು, ಮಾಡು ಇವನ್ನು ಬಲ್ಲವರು ಅಲ್ಲಿಂದ ಬೇಗ ಏಳುವುದಿಲ್ಲ. ಅಲ್ಲಿಗೆ ಹೋಗುವ ದಾರಿ ಏರು. ಮಂಡಿನೋವಿನವರು ನಿಧಾನಕ್ಕೆ, ಬೆಂಚಿನಿಂದ ಬೆಂಚಿಗೆ ಹೋಗಲಿ. ಆ ಕಡೆಯ ಮೇಲಿನ ಗೇಟಿನಿಂದ ಹೊರಬಿದ್ದರೆ ಗ್ಲೋರಿಯೆಟ್ ಮಂಟಪಕ್ಕೆ ಕೆಳಗಿಂದ ಮತ್ತೆ ಗುಡ್ಡ ಹತ್ತಬೇಕಿಲ್ಲ. ಅಲ್ಲಿಂದ ಇಡೀ ಊರು ಕಾಣುತ್ತದೆ, ಆಮೇಲೆ ಅರಮನೆಯವರೆಗೂ ಇಳಿಜಾರು.

ಉದ್ಯಾನದಲ್ಲೇ ಇರುವ 1882ರ ಪಾಮ್ ಹೌಸ್‌ಗೆ (ಬಿಸಿನಾಡಿನ ಗಿಡಗಳ ಗಾಜಿನಮನೆ) ಬೇರೆ ಟಿಕೆಟ್. ಕಬ್ಬಿಣ-ಗಾಜಿನ ಕಟ್ಟಡ ಬಲು ಚೆಂದ, ಆದರೆ ಮನೆಯ ಹಿತ್ತಿಲಲ್ಲೇ ಬಾಳೆ-ತಾಳೆ ಇರುವವರಿಗೆ ಗಿಡಗಳೇನೂ ಹೊಸತಲ್ಲ. ಮಳೆ ಹಿಡಿದರೆ ಹೋಗಿ, ಒಳಗೆ ಬೆಚ್ಚಗಿರುತ್ತದೆ.

ಇನ್ನು ಬುತ್ತಿ. ಹೆಚ್ಚು ಜನ ತಪ್ಪುವುದು ಇಲ್ಲೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಏಪ್ರಿಲ್‌ನ ಬೆಳಗ್ಗೆ ಅಲ್ಲಿ ಎಷ್ಟೋ ದಿನ ಹತ್ತು ಡಿಗ್ರಿಯೂ ಇರುವುದಿಲ್ಲ. ತೆಂಗಿನೆಣ್ಣೆಯ ಒಗ್ಗರಣೆ ಹಾಕಿದ ಚಿತ್ರಾನ್ನ ಡಬ್ಬಿ ತೆರೆಯುವಾಗ ಬಿಳಿ ಪದರ ಕಟ್ಟಿ ಬಾಯಿಗೆ ಮೇಣದಂತೆ ಅಂಟುತ್ತದೆ. ಆ ದಿನಕ್ಕೆ ಎಳ್ಳೆಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ಬಳಸಿ. ನೀರುದೋಸೆ, ಕುಚ್ಚಲಕ್ಕಿ ಅನ್ನ ಎರಡೂ ತಣಿದರೆ ಬಿರುಸಾಗುತ್ತವೆ, ಬೇಡ. ಒಗ್ಗರಣೆ ಅವಲಕ್ಕಿ, ಚಪಾತಿ-ಪಲ್ಯ ಚೆನ್ನಾಗಿ ತಾಳುತ್ತವೆ. ಭಾನುವಾರ ಹೊರಡುವುದಾದರೆ ಸಾಮಾನು ಶನಿವಾರವೇ ತನ್ನಿ. ಭಾನುವಾರ ಅಲ್ಲಿ ಸೂಪರ್‌ಮಾರ್ಕೆಟ್‌ಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ನೀರು ಕೊಳ್ಳಬೇಡಿ. 1873ರಿಂದ ಆಲ್ಪ್ಸ್ ತಪ್ಪಲಿನ ಒರತೆಗಳಿಂದ ಕೊಳವೆಯಲ್ಲಿ ಬರುವ ನಳ್ಳಿನೀರೇ ಕುಡಿಯಲು ಒಳ್ಳೆಯದು, ಬಾಟಲಿ ತುಂಬಿಸಿಕೊಂಡರಾಯಿತು.

ಹೊರಗೆ ಉಣ್ಣುವ ಸಸ್ಯಾಹಾರಿಗಳು ಸೂಪಿನ ವಿಷಯದಲ್ಲಿ ಜಾಗ್ರತೆ. ‘ಫ್ರಿಟಾಟನ್‌ಸುಪ್ಪೆ’ಯಲ್ಲಿ ದೋಸೆಯ ಎಳೆಗಳಷ್ಟೇ ತೇಲುತ್ತಿರುತ್ತವೆ, ನೀರು ದನದ ಮಾಂಸದ ಸಾರು. ‘ವೆಗೆಟಾರಿಷ್’ ಎಂದರೆ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡವಾದರೆ ‘ವೆಗಾನ್’ ಎಂದೇ ಕೇಳಿ. ಸಿಹಿಯೆಂದು ಮಕ್ಕಳಿಗೆ ಕೊಡಿಸುವ, ದಪ್ಪ ದೋಸೆಯನ್ನು ಹರಿದು ಚೂರು ಮಾಡಿದಂಥ ಕೈಸರ್‌ಶ್ಮಾರ್ನ್‌ಗೂ ಮೊಟ್ಟೆಯೇ ಆಧಾರ.

ದಿನ ಆರಿಸುವಾಗ ಮಾರ್ಚ್ ಬೇಡ. ಸಾಲುಮರಗಳೆಲ್ಲ ಬೋಳು, ಗಾಳಿ ಚುಚ್ಚುತ್ತದೆ. ಈಸ್ಟರಿಗೆ ಮುಂಚಿನ ವಾರಗಳಲ್ಲಿ ಅರಮನೆಯ ಅಂಗಳದಲ್ಲಿ ಸಂತೆ ಇರುವುದರಿಂದ ಚೆಂದ ಹೌದು, ಆದರೆ ವಾರಾಂತ್ಯದಲ್ಲಿ ತಳ್ಳುಗಾಡಿ ನೂಕಲಾಗದಷ್ಟು ಜನ. ಏಪ್ರಿಲ್ ಕೊನೆಯ ವಾರದ ಬಳಿಕ, ಒಂದು ಮಂಗಳವಾರವೋ ಬುಧವಾರವೋ ಹೋಗಿ. ಒಂದೇ ದಪ್ಪ ಕೋಟಿನ ಬದಲು ತೆಳು ಉಡುಪು ಮೂರು ಪದರ ಹಾಕಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಒಂದೊಂದಾಗಿ ಕಳಚಬೇಕಾಗುತ್ತದೆ, ಅದಕ್ಕೊಂದು ಖಾಲಿ ಚೀಲವೂ ಜತೆಗಿರಲಿ.